ಕಡಲ ಮಟ್ಟದಿಂದ 12,500 ಅಡಿಗೆ: ಸ್ನೇಹಿತನನ್ನು ಕೇದಾರಕಂಠಕ್ಕೆ ತಯಾರು ಮಾಡುವುದು ಹೇಗೆ?

ಕೊಟ್ಟಾರದ ಗೆಳೆಯ
ನಮಸ್ಕಾರ. ಸ್ನೇಹಿತನೊಬ್ಬ ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಕೇದಾರಕಂಠ ಶಿಖರದ ಟ್ರೆಕ್‌ಗೆ ಹೆಸರು ಕೊಟ್ಟು ಆಗಿದೆ. ಜೊತೆಗೆ ನಾನೂ ಹೋಗುತ್ತೇನೆ. ಅವನಿಗೆ ಇದೇ ಮೊದಲ ಹಿಮಾಲಯ, ಮೊದಲ ಹಿಮ, ಮೊದಲ ಶಿಖರ. ವಯಸ್ಸು 41, ತೂಕ 84 ಕಿಲೋ, ಬಿ.ಪಿ.ಗೆ ದಿನಕ್ಕೊಂದು ಮಾತ್ರೆ. ಇಡೀ ದಿನ ಕುರ್ಚಿ ಕೆಲಸ. ವಾರಕ್ಕೆ ನಾಲ್ಕು ಸಂಜೆ ತಣ್ಣೀರುಬಾವಿಯಲ್ಲಿ 3 ಕಿ.ಮೀ. ನಡೆಯುತ್ತಾನೆ. ನಮಗೆ ಇನ್ನು 11 ವಾರ ಉಂಟು.

ಕೇಳಲಿಕ್ಕಿರುವುದು ಮೂರು. ಮಂಗಳೂರಿನಲ್ಲಿದ್ದುಕೊಂಡು ಇಷ್ಟು ಎತ್ತರಕ್ಕೆ ಅಭ್ಯಾಸ ಮಾಡುವುದು ಹೇಗೆ? ನಾಲ್ಕು ವರ್ಷದ ಹಿಂದೆ ತೆಗೆದ, ಹೆಚ್ಚು ಹಾಕದ ಟ್ರೆಕಿಂಗ್ ಶೂ ಅವನ ಹತ್ತಿರ ಉಂಟು, ಅದು ಸಾಕಾ? ಎತ್ತರದ ಕಾಯಿಲೆ ಬಾರದ ಹಾಗೆ ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆ ಬೇಕಾ ಬೇಡವಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಘಟ್ಟದಾರಿ
ಮೊದಲು ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ. ಕಾಲು ಮತ್ತು ದಮ್ಮು ಇಲ್ಲೇ ತಯಾರಾಗುತ್ತದೆ. ಎತ್ತರಕ್ಕೆ ಮೈ ಒಗ್ಗುವುದು ಮಾತ್ರ ಅಲ್ಲಿ ರಾತ್ರಿ ಮಲಗಿ ಎದ್ದೇ ಆಗಬೇಕು, ಕುಡ್ಲದಲ್ಲಿ ಎಷ್ಟು ಓಡಿದರೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಕಾಲು ಗಟ್ಟಿ ಮಾಡಿಸಿ, ಅಲ್ಲಿಗೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಲೆಕ್ಕ ನೋಡಿ. ಟ್ರೆಕ್ ಶುರುವಾಗುವ ಸಾಂಕ್ರಿ ಹಳ್ಳಿ ಸುಮಾರು 1,950 ಮೀಟರ್. ಮೊದಲ ದಿನ ಜೂಡಾ ಕಾ ತಲಾಬ್ ಕ್ಯಾಂಪ್, ಸುಮಾರು 2,770. ಮಾರನೇ ದಿನ ಬೇಸ್ ಕ್ಯಾಂಪ್, ಸುಮಾರು 3,430. ಶಿಖರ 3,810. ಅಂದರೆ ಏರು ಒಂದು ದಿನ 800 ಮೀಟರ್, ಇನ್ನೊಂದು ದಿನ 650, ಶಿಖರದ ದಿನ ಬರೀ 380. ಆದರೆ ಶಿಖರದ ದಿನವೇ ಕೆಳಗಿನ ಕ್ಯಾಂಪಿನವರೆಗೆ ಸಾವಿರ ಮೀಟರಿಗೂ ಮಿಕ್ಕಿ ಇಳಿಯಲಿಕ್ಕುಂಟು. ಹೊಸಬರು ಸೋಲುವುದು ಆ ಇಳಿಜಾರಿನಲ್ಲಿ.

ಫ್ಲ್ಯಾಟಿನ ಒಂದು ಮಹಡಿ ಹೆಚ್ಚುಕಡಿಮೆ 3 ಮೀಟರ್. ಹತ್ತು ಮಹಡಿ ಒಮ್ಮೆ ಹತ್ತಿದರೆ 30. ವಾರಕ್ಕೆ ಮೂರು ದಿನ, ಮೊದಲ ಎರಡು ವಾರ ಬರಿಗೈಯಲ್ಲಿ 5 ಸುತ್ತು. ಆಮೇಲೆ ಪ್ರತಿ ವಾರ 2 ಸುತ್ತು ಸೇರಿಸುತ್ತಾ ಹೋದರೆ 9ನೇ ವಾರಕ್ಕೆ 19 ಸುತ್ತು, ಅಂದರೆ ಹತ್ತಿರ ಹತ್ತಿರ 570 ಮೀಟರ್ ಆಗುತ್ತದೆ. ಮೂರನೇ ವಾರದಿಂದ ಬ್ಯಾಗಿಗೆ 2 ಕಿಲೋ, ಕೊನೆಗೆ 6–7 ಕಿಲೋ. ಕಲ್ಲು, ಪುಸ್ತಕ ಹಾಕಬೇಡಿ, ಒಂದು ಲೀಟರಿನ ನೀರಿನ ಬಾಟಲಿಗಳನ್ನೇ ಹಾಕಿ. ಮೊಣಗಂಟು ನೋಯಲಿಕ್ಕೆ ಶುರುವಾದರೆ ಮೇಲೆಯೇ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಕೊನೆಯ ಹತ್ತು ದಿನ ಅಭ್ಯಾಸ ಅರ್ಧಕ್ಕೆ ಇಳಿಸಿ.

ಉಳ್ಳಾಲ ಅಲೆ
ಹತ್ತುವುದು ಸರಿ. ಇಳಿಯುವಾಗ ಲಿಫ್ಟ್ ಹಿಡಿಯಲಿ. 84 ಕಿಲೋ ಅಂತೀರಿ, ಮೊಣಗಂಟು ಹೋದರೆ ಮತ್ತೆ ಎಂತ ಟ್ರೆಕ್?

ಘಟ್ಟದಾರಿ
ಒಪ್ಪುವುದಿಲ್ಲ. ಕೇದಾರಕಂಠದಲ್ಲಿ ಲಿಫ್ಟ್ ಇಲ್ಲವಲ್ಲ ಮಾರಾಯ್ರೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಎಳೆಯಲ್ಪಡುತ್ತಲೇ ಬ್ರೇಕ್ ಹಾಕಬೇಕು. ಆ ಕೆಲಸ ಹತ್ತುವಾಗ ಆಗುವುದೇ ಇಲ್ಲ. ಅಭ್ಯಾಸ ಇಲ್ಲದ ಕಾಲು ಒಂದು ಗಂಟೆ ಇಳಿದ ಮೇಲೆ ನಡುಗುತ್ತದೆ, ಆಮೇಲೆ ಪೂರ್ತಿ ಭಾರ ಗಂಟಿನ ಮೇಲೆ ಬೀಳುತ್ತದೆ.

ಕಾರ್ಕಳದ ಕಲ್ಲು
ಇಬ್ಬರ ಮಾತಿಗೂ ನಡುವಿನ ದಾರಿ ಉಂಟು. ಮೊದಲ ಎರಡು ವಾರ ಲಿಫ್ಟ್ ಹಿಡಿಯಲಿ. ಮೂರನೇ ವಾರದಿಂದ ಮೂರಕ್ಕೆ ಒಂದು ಸುತ್ತು ನಡೆದೇ ಇಳಿಯಲಿ. ಆರನೇ ವಾರದ ಮೇಲೆ ಎಲ್ಲವನ್ನೂ ಇಳಿಯಲಿ. ಪಾದವನ್ನು ದಪ್ಪನೆ ಹಾಕಬಾರದು, ಗಂಟು ಸ್ವಲ್ಪ ಬಾಗಿಸಿಯೇ ಇರಬೇಕು, ಶಬ್ದ ಬಾರದ ಹಾಗೆ ಇಳಿಯಬೇಕು. ಮರುದಿನ ತೊಡೆ ಬಿಗಿದುಕೊಂಡರೆ ಹೆದರುವುದು ಬೇಡ. ಚಿಪ್ಪಿನ ಸುತ್ತ ಚುಚ್ಚಿದ ಹಾಗೆ ನೋವು ಬಂದರೆ, ಗಂಟು ಬಾತರೆ ಮಾತ್ರ ನಿಲ್ಲಿಸಿ ತೋರಿಸಿ.

ಫ್ಲ್ಯಾಟ್ ಬೇಸರ ಬಂದರೆ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಉಂಟು. ಸಾವಿರದ ಎಂಟುನೂರು ಚಿಲ್ಲರೆ ಮೆಟ್ಟಿಲು, ಎತ್ತರ ಒಂದೊಂದಕ್ಕೆ ಒಂದೊಂದು ತರ. ಒಂದೇ ಅಳತೆಯ ಸಿಮೆಂಟ್ ಮೆಟ್ಟಿಲಿಗಿಂತ ಅದು ಹಿಮಾಲಯದ ದಾರಿಗೆ ಹತ್ತಿರ. ಮಳೆ ಬಂದಾಗ ಹೋಗಬೇಡಿ, ಕಲ್ಲು ಸಾಬೂನಿನ ಹಾಗೆ ಜಾರುತ್ತದೆ.

ಪಡುಬಿದ್ರಿ ಗಾಳಿ
ನಮ್ಮ ಕರಾವಳಿಯ ಸೆಕೆಯಲ್ಲಿ ಓಡಿದರೇ ಅರ್ಧ ತಯಾರಿ ಆದ ಹಾಗೆ ಅಲ್ವಾ? ಉಸಿರು ಕಟ್ಟುತ್ತದೆ, ಅಲ್ಲಿಯೂ ಅದೇ. ಬೇಕಾದರೆ ಆನ್‌ಲೈನಿನಲ್ಲಿ ಸಿಗುವ ಟ್ರೈನಿಂಗ್ ಮಾಸ್ಕ್ ಹಾಕಿಕೊಂಡು ಓಡಲಿ.

ಉಡುಪಿ ವೈದ್ಯೆ
ದಯವಿಟ್ಟು ಮಾಸ್ಕ್‌ಗೆ ದುಡ್ಡು ಹಾಕಬೇಡಿ. ಅದು ಉಸಿರು ಎಳೆಯುವುದನ್ನು ಕಷ್ಟ ಮಾಡುತ್ತದೆ ಅಷ್ಟೇ, ಗಾಳಿಯ ಒತ್ತಡವನ್ನು ಇಳಿಸುವುದಿಲ್ಲ. ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ ಇರುತ್ತದೆ, ಒತ್ತಡ ಕಡಿಮೆ. 3,800 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಅದಕ್ಕೆ ಮೈ ಕೊಡುವ ಉತ್ತರವೇ ಬೇರೆ: ಉಸಿರಾಟ ಜೋರಾಗುತ್ತದೆ, ಮೂತ್ರಪಿಂಡ ರಕ್ತದ ಆಮ್ಲ–ಕ್ಷಾರವನ್ನು ಸರಿಮಾಡಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಸೆಕೆಯಲ್ಲಿ ಓಡಿದರೆ ಬೆವರಿಗೆ ಮೈ ಒಗ್ಗುತ್ತದೆ, ಎತ್ತರಕ್ಕೆ ಅಲ್ಲ. ಮಂಗಳೂರಿನ ಮ್ಯಾರಥಾನ್ ಓಟಗಾರನಿಗೂ ತಲೆನೋವು ಬರಬಹುದು, ನಿಧಾನ ನಡೆಯುವವನಿಗೆ ಬಾರದೇ ಇರಬಹುದು.

ಈಗ ಮಾತ್ರೆ ವಿಷಯ. ಅಸೆಟಜೋಲಮೈಡ್ (ಡಯಾಮಾಕ್ಸ್) ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ. ಆದರೆ ಈ ಸ್ನೇಹಿತರಿಗೆ ಬಿ.ಪಿ. ಉಂಟು. ಅವರ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಸೇರಿರಬಹುದು, ಇಲ್ಲವೇ ಹೃದಯದ ಬಡಿತ ಏರದಂತೆ ಹಿಡಿಯುವ ಬೀಟಾ ಬ್ಲಾಕರ್ ಇರಬಹುದು. ಮಾತ್ರೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ಅವರ ಡಾಕ್ಟರಿಗೆ ತೋರಿಸಿ, ಹೋಗುವ ಎತ್ತರ ಹೇಳಿ. 41 ವಯಸ್ಸಿಗೆ ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಅವರೇ ತೀರ್ಮಾನ ಮಾಡಲಿ. ಸಲ್ಫಾ ಗುಂಪಿನ ಔಷಧಿಗೆ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಬಿ.ಪಿ. ಮಾತ್ರೆಯನ್ನು ಅಲ್ಲಿ ತಾನಾಗಿ ನಿಲ್ಲಿಸಲಿಕ್ಕಿಲ್ಲ.

ಡಾಕ್ಟರ್ ಒಪ್ಪಿದರೆ ಊರಲ್ಲೇ ರಜೆಯ ದಿನ ಒಂದು ಡೋಸ್ ತೆಗೆದುಕೊಂಡು ನೋಡಲಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರ, ಸೋಡಾ ಸಪ್ಪೆ ಅನಿಸುವುದು ಅದರ ಗುಣ. ಅಲ್ಲಿ ಮೊದಲ ಸಲ ಹೀಗಾದರೆ ಗಾಬರಿ.

ಕೊಟ್ಟಾರದ ಗೆಳೆಯ
ಥ್ಯಾಂಕ್ಸ್ ಡಾಕ್ಟ್ರೇ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿ ಉಂಟು, ತೆಗೆದುಕೊಂಡು ಹೋಗಲಾ?

ಉಡುಪಿ ವೈದ್ಯೆ
ಹೋಗಬಹುದು, ಆದರೆ ಅದನ್ನೇ ನಂಬಬೇಡಿ. ಕೈ ತಣ್ಣಗಿದ್ದರೆ ತಪ್ಪು ಅಂಕಿ ಬರುತ್ತದೆ. ಕಂಕುಳಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ, ಕೂತು, ಅಂಕಿ ನಿಂತ ಮೇಲೆ ಓದಬೇಕು. ಅಂಕಿ ಚೆನ್ನಾಗಿದ್ದು ಮನುಷ್ಯ ತೂರಾಡುತ್ತಿದ್ದರೆ ಮನುಷ್ಯನನ್ನು ನೋಡಿ, ಅಂಕಿಯನ್ನಲ್ಲ.

ಹೆಬ್ರಿ ಅಕ್ಕ
ಶೂ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕು ವರ್ಷ, ಹೆಚ್ಚು ಹಾಕದ್ದು, ಅದೂ ಮಂಗಳೂರಿನಲ್ಲಿ. ಇಷ್ಟು ಕೇಳಿಯೇ ಹೆದರಿಕೆ ಆಗುತ್ತದೆ. ಅನೇಕ ಟ್ರೆಕಿಂಗ್ ಶೂಗಳ ನಡು ಪದರ ಪಾಲಿಯುರೆಥೇನಿನದ್ದು. ಗಾಳಿಯ ತೇವ ಅದನ್ನು ಒಳಗಿಂದೊಳಗೇ ಒಡೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೆ ಚರ್ಮದ ಬೆಲ್ಟೇ ಬೂಷ್ಟು ಹಿಡಿಯುತ್ತದೆ. ಶೂ ಮೇಲಿಂದ ಹೊಸದರ ಹಾಗೆ ಹೊಳೆಯುತ್ತದೆ, ಹಿಮದ ಮೇಲೆ ಎರಡನೇ ದಿನ ಅಟ್ಟೆ ಪೂರ್ತಿ ಬಿಟ್ಟು ಬರುತ್ತದೆ. ಹೆಚ್ಚು ಹಾಕಿಲ್ಲ ಅನ್ನುವುದು ಇಲ್ಲಿ ಸಮಾಧಾನದ ಮಾತೇ ಅಲ್ಲ, ಬಳಸದೆ ಇಟ್ಟದ್ದೇ ಬೇಗ ಹೋಗುತ್ತದೆ.

ಪರೀಕ್ಷೆ ಹೀಗೆ. ಶೂವನ್ನು ಬೆಳಕಿಗೆ ಹಿಡಿದು, ಹಿಮ್ಮಡಿಯ ಪಕ್ಕ, ಮೇಲಿನ ಚರ್ಮಕ್ಕೂ ಕೆಳಗಿನ ರಬ್ಬರಿಗೂ ನಡುವಿನ ಪದರಕ್ಕೆ ಹೆಬ್ಬೆರಳ ಉಗುರು ಒತ್ತಿ. ಒತ್ತಿದ್ದು ಹಿಂದಕ್ಕೆ ಪುಟಿಯಬೇಕು. ಗುಳಿ ಹಾಗೇ ಉಳಿದರೆ, ಕೂದಲೆಳೆಯ ಬಿರುಕು ಕಂಡರೆ, ರಸ್ಕಿನ ಹಾಗೆ ಪುಡಿ ಉದುರಿದರೆ ಮುಗಿಯಿತು. ಮುಂಭಾಗ ಮಡಚಿಯೂ ನೋಡಿ. ಅಂಟು ಹಾಕಿಸಿ ಪ್ರಯೋಜನ ಇಲ್ಲ, ಹೋಗಿರುವುದು ಅಂಟಲ್ಲ, ಪದರ.

ಬಜ್ಪೆ ಬ್ಯಾಗು
+1. ಹೊಸ ಶೂ ತೆಗೆಯಲಿಕ್ಕೆ ಸಂಜೆ ಹೊತ್ತು ಹೋಗಿ, ಆಗ ಕಾಲು ಸ್ವಲ್ಪ ಬಾತಿರುತ್ತದೆ. ಅಲ್ಲಿ ಹಾಕುವ ಉಣ್ಣೆ ಸಾಕ್ಸ್ ಹಾಕಿಯೇ ಅಳತೆ ನೋಡಿ. ದಾರ ಕಟ್ಟದೆ ಪಾದ ಮುಂದಕ್ಕೆ ತಳ್ಳಿದಾಗ ಹಿಮ್ಮಡಿ ಹಿಂದೆ ಒಂದು ಬೆರಳು ಹಿಡಿಯಬೇಕು. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಇಳಿದು ನೋಡಿ, ಬೆರಳು ಮುಂದೆ ಬಡಿದರೆ ಆ ಶೂ ಬೇಡ. ಟ್ರೆಕ್‌ಗೆ ಮೊದಲು ಕನಿಷ್ಠ 50 ಕಿ.ಮೀ. ನಡೆದಿರಬೇಕು.

ಮತ್ತೊಂದು, ಚಳಿಗೆ ಎರಡೆರಡು ದಪ್ಪ ಸಾಕ್ಸ್ ತುರುಕುವವರು ಇದ್ದಾರೆ. ಶೂ ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ಒಂದೇ ದಪ್ಪ ಜೊತೆ, ಒಳಗೆ ಬೆರಳು ಆಡಿಸಲಿಕ್ಕೆ ಜಾಗ.

ಮಣಿಪಾಲ ಮೆಟ್ಟಿಲು
ಹತ್ತಿ ಬನಿಯನ್ ಬಿಡಿಸಿ. ಬೈರಾಸು (ಟವೆಲ್) ಕೂಡ ಚಿಕ್ಕದು ಒಂದೇ ಸಾಕು. ಹತ್ತಿ ಬೆವರು ಕುಡಿದು ಒಣಗುವುದೇ ಇಲ್ಲ, ನಿಂತ ಕೂಡಲೇ ಮೈಗೆ ಮಂಜುಗಡ್ಡೆ ಸುತ್ತಿದ ಹಾಗೆ. ಒಳಗೆ ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ಬೆಚ್ಚಗಿನ ಫ್ಲೀಸ್ ಅಂಗಿ, ಅದರ ಮೇಲೆ ಗಾಳಿ–ಮಳೆ ತಡೆಯುವ ಜಾಕೆಟ್. ದಪ್ಪ ಗರಿ ಜಾಕೆಟ್ ನಿಂತಾಗ ಮತ್ತು ಕ್ಯಾಂಪಿನಲ್ಲಿ ಮಾತ್ರ. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು, ಬೆಚ್ಚಗಿದ್ದು ಹೊರಟರೆ ಕಾಲು ಗಂಟೆಯಲ್ಲಿ ಬೆವರು.

ಒಂದೇ ಟ್ರೆಕ್‌ಗೆ ಗರಿ ಜಾಕೆಟ್ ಕೊಳ್ಳಬೇಡಿ, ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಜಿಪ್ ಮೇಲೆ ಕೆಳಗೆ ಎರಡು ಸಲ ಎಳೆದು ನೋಡಿಯೇ ದುಡ್ಡು ಕೊಡಿ.

ಉಳ್ಳಾಲ ಅಲೆ
ಬೈಕಿಗೆ ಹಾಕುವ ರೈನ್‌ಕೋಟ್ ಸಾಕಾಗುವುದಿಲ್ವಾ?

ಮಣಿಪಾಲ ಮೆಟ್ಟಿಲು
ಬೈಕಲ್ಲಿ ಕೂತಿರುತ್ತೀರಿ, ಬೆವರು ಬರುವುದಿಲ್ಲ. ಹತ್ತುವಾಗ ಅದರೊಳಗೆ ಬೆವರಿನ ಆವಿ ಹೊರಗೆ ಹೋಗದೆ ಒಳಗಿಂದಲೇ ಒದ್ದೆ. ತುರ್ತಿಗೆ ಆಗಬಹುದು, ಕಂಕುಳ ಕೆಳಗೆ ಜಿಪ್ ಇರುವ ಜಾಕೆಟ್ ಒಳ್ಳೆಯದು.

ಎಣ್ಣೆಹೊಳೆ
ಅಭ್ಯಾಸಕ್ಕೆ ಕುದುರೆಮುಖ ಅಥವಾ ಕುಮಾರಪರ್ವತ ಯಾಕೆ ಯಾರೂ ಹೇಳಲಿಲ್ಲ? ಕುಕ್ಕೆ ಸುಬ್ರಹ್ಮಣ್ಯ ಇರುವುದು ಸುಮಾರು 120 ಮೀಟರಿನಲ್ಲಿ, ಕುಮಾರಪರ್ವತ 1,712. ಅಂದರೆ ಸುಮಾರು 1,600 ಮೀಟರ್ ಏರು. ಕೇದಾರಕಂಠದಲ್ಲಿ ಯಾವ ದಿನವೂ ಇಷ್ಟು ಹತ್ತಲಿಕ್ಕಿಲ್ಲ.

ಘಟ್ಟದಾರಿ
ಅದಕ್ಕೇ ಅವನಿಗೆ ಅದು ಬೇಡ! ಹೊಸಬನನ್ನು ನಾಲ್ಕನೇ ವಾರದಲ್ಲಿ ಕುಕ್ಕೆ ಕಡೆಯಿಂದ ಹತ್ತಿಸಿದರೆ ಮೊಣಗಂಟಿಗೆ ಪಟ್ಟಿ ಕಟ್ಟಿಕೊಂಡು ಮೂರು ವಾರ ಮನೆಯಲ್ಲಿ. ಕುದುರೆಮುಖ ಸರಿ. 1,894 ಮೀಟರ್, ಮುಳ್ಳೋಡಿಯಿಂದ ಹೋಗಿ ಬರುವಾಗ 18–20 ಕಿ.ಮೀ., ಏರು ಹದವಾಗಿದೆ. ಎಂಟನೇ ವಾರಕ್ಕೆ ಇಡಿ, ಅಷ್ಟರಲ್ಲಿ ದಾರಿಯೂ ಒಣಗಿರುತ್ತದೆ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಉಂಟು, ಶನಿ–ಭಾನುವಾರ ಬೇಗ ಭರ್ತಿ. ಅಲ್ಲಿಗೆ ಹಿಮಾಲಯದ ಅದೇ ಶೂ, ಅದೇ ಬ್ಯಾಗು, ಅದೇ ಸಾಕ್ಸ್ ಹಾಕಿಸಿ. ಗುಳ್ಳೆ ಎಲ್ಲಿ ಏಳುತ್ತದೆ ಎಂದು ಅಲ್ಲೇ ಗೊತ್ತಾಗಲಿ.

ಎಣ್ಣೆಹೊಳೆ
ಎಂಟನೇ ವಾರ ಅಂದರೆ ಡಿಸೆಂಬರ್, ಹೌದು ಒಪ್ಪಿದೆ. ಈಗಲೇ ಹೋಗುವುದಾದರೆ ಉಂಬಳಕ್ಕೆ (ಜಿಗಣೆಗೆ) ಸುಣ್ಣ ಹೊಗೆಸೊಪ್ಪು ಕಟ್ಟಿಕೊಂಡು ಹೋಗಬೇಕು.

ಪಡುಬಿದ್ರಿ ಗಾಳಿ
ಸಾಕ್ಸಿನ ಮೇಲೆ ಉಪ್ಪು ನೀರು ಚಿಮುಕಿಸಿದರೂ ಆಗುತ್ತದೆ.

ಹೆಬ್ರಿ ಅಕ್ಕ
ಉಪ್ಪು ಒಂದು ತೋಡು ದಾಟುವವರೆಗೆ ಮಾತ್ರ. ಮೊಣಕಾಲಿನವರೆಗಿನ ಒತ್ತು ನೇಯ್ಗೆಯ ಉಂಬಳ ಸಾಕ್ಸ್ ಹೊಲಿಸಿದರೆ ಜನ್ಮಕ್ಕಾಯಿತು. ವಿಷಯಕ್ಕೆ ಬನ್ನಿ, ಊಟ ಯಾರೂ ಹೇಳಲಿಲ್ಲ.

ಎತ್ತರದಲ್ಲಿ ಹಸಿವು ಸಾಯುತ್ತದೆ. ಕುಚ್ಚಲಕ್ಕಿ ಗಂಜಿ ಬೇಕು ಅಂತ ಕೂತರೆ ಆಗುವುದಿಲ್ಲ, ಕ್ಯಾಂಪಿನಲ್ಲಿ ಕೊಟ್ಟ ಅನ್ನ ದಾಲ್ ಬಿಸಿ ಇರುವಾಗಲೇ ಉಣ್ಣಬೇಕು. ಜೇಬಿಗೆ ಗೇರುಬೀಜ, ಖರ್ಜೂರ, ಒಣದ್ರಾಕ್ಷಿ, ಮಾಂಬಳ ಸಣ್ಣ ಸಣ್ಣ ಪೊಟ್ಟಣ ಮಾಡಿ ಇಡಿ. ಚಾಕಲೇಟ್, ಚಿಕ್ಕಿ ಹೊರ ಜೇಬಿನಲ್ಲಿದ್ದರೆ ಕಲ್ಲು, ಹಲ್ಲು ಹೋಗುತ್ತದೆ. ಒಳ ಜೇಬಿನಲ್ಲಿಡಿ, ಅರ್ಧ ಗಂಟೆಗೊಮ್ಮೆ ಒಂದು ತುಣುಕು. ನೀರು ದಿನಕ್ಕೆ 3 ಲೀಟರ್ ಆಸುಪಾಸು, ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಬರೀ ನೀರು ಸುರಿದುಕೊಂಡರೆ ರಕ್ತದ ಉಪ್ಪು ಇಳಿಯುತ್ತದೆ. ಒ.ಆರ್.ಎಸ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಅಂದಾಜಿಗೆ ಅರ್ಧರ್ಧ ಹಾಕಬೇಡಿ.

ಬಜ್ಪೆ ಬ್ಯಾಗು
ಬಾಟಲಿಯನ್ನು ರಾತ್ರಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಆಗ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ಕೊಳವೆಯಲ್ಲಿ ಹೀರುವ ನೀರಿನ ಚೀಲ ಬೇಡ, ಕೊಳವೆ ಮೊದಲು ಗಟ್ಟಿಯಾಗುತ್ತದೆ. ಮೊಬೈಲ್, ಪವರ್ ಬ್ಯಾಂಕ್, ಹೆಡ್‌ಲ್ಯಾಂಪಿನ ಬ್ಯಾಟರಿ ಸ್ಲೀಪಿಂಗ್ ಬ್ಯಾಗಿನೊಳಗೆ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಬ್ಯಾಗಿನ ಭಾರ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲೆ ಅಲ್ಲ. ಮೊದಲು ಸೊಂಟದ ಪಟ್ಟಿ ಬಿಗಿದು, ಆಮೇಲೆ ಹೆಗಲಿನದ್ದು ಎಳೆಯಿರಿ.

ಕಾರ್ಕಳದ ಕಲ್ಲು
ಮೈಕ್ರೊಸ್ಪೈಕ್ (ಹಿಮದಲ್ಲಿ ಜಾರದ ಹಾಗೆ ಶೂ ಮೇಲೆ ಸಿಕ್ಕಿಸುವ ಮೊಳೆಯ ಪಟ್ಟಿ) ಟ್ರೆಕ್‌ನವರು ಕೊಡುತ್ತಾರೆ, ಆದರೆ ಅದನ್ನು ಮೊದಲ ಸಲ ಹಾಕುವುದು ಮುಂಜಾವ 3 ಗಂಟೆಗೆ, ಕತ್ತಲಲ್ಲಿ, ಕೈಗವಸು ತೆಗೆಯಲಿಕ್ಕಾಗದ ಚಳಿಯಲ್ಲಿ. ಸಾಂಕ್ರಿಯಲ್ಲೇ ಕೈಗೆ ಸಿಕ್ಕಿದ ದಿನ ಗವಸು ಹಾಕಿಕೊಂಡೇ ಎರಡು ಸಲ ಏರಿಸಿ ಇಳಿಸಿ ನೋಡಲಿ. ರಬ್ಬರಿನ ಮುಂಭಾಗ ಮೊದಲು ಬೆರಳಿಗೆ ಸಿಕ್ಕಿಸಿ, ಆಮೇಲೆ ಹಿಮ್ಮಡಿಗೆ ಎಳೆಯಬೇಕು. ನಡೆಯುವಾಗ ಕಾಲು ಎಂದಿಗಿಂತ ನಾಲ್ಕು ಬೆರಳು ಅಗಲ, ಇಲ್ಲದಿದ್ದರೆ ಒಂದು ಕಾಲಿನ ಮೊಳೆ ಇನ್ನೊಂದರ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತಾನೆ. ಅಂಗಾಲು ಪೂರ್ತಿ ಊರಬೇಕು.

ಊರುವ ಕೋಲಿನ ಉದ್ದ ಹತ್ತುವಾಗ ಮೊಣಕೈ ಲಂಬಕೋನ ಆಗುವಷ್ಟು, ಇಳಿಯುವಾಗ ಅದಕ್ಕಿಂತ 5–10 ಸೆಂ.ಮೀ. ಜಾಸ್ತಿ. ಬಿಸಿಲು ಬಂದ ಮೇಲೆ ಹಿಮದಲ್ಲಿ ಕಪ್ಪು ಕನ್ನಡಕ ತೆಗೆಯಲೇ ಬಾರದು, ಮೂಗಿನ ಕೆಳಗೂ ಸನ್‌ಸ್ಕ್ರೀನ್ ಹಚ್ಚಬೇಕು. ಹಿಮದಿಂದ ಬೆಳಕು ಕೆಳಗಿಂದ ಬರುತ್ತದೆ.

ಕೊಟ್ಟಾರದ ಗೆಳೆಯ
ಘಟ್ಟದಾರಿಯವರು ಒಂದು ದಿನ ಜಾಸ್ತಿ ಅಂದರಲ್ಲ. ನಮ್ಮ ಪ್ಯಾಕೇಜಿನ ದಿನಗಳು ಮೊದಲೇ ಗೊತ್ತು ಮಾಡಿದ್ದು. ಮಧ್ಯೆ ಹೇಗೆ ಸೇರಿಸುವುದು?

ಉಡುಪಿ ವೈದ್ಯೆ
ಮಧ್ಯೆ ಆಗದಿದ್ದರೆ ಮೊದಲೇ ಸೇರಿಸಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು ಎನ್ನುವುದು ರೂಢಿಯ ಸಲಹೆ. ನಿಮ್ಮ ಎರಡನೇ ಜಿಗಿತ 2,770ರಿಂದ 3,430, ಅದಕ್ಕಿಂತ ಜಾಸ್ತಿ. ಸಾಂಕ್ರಿಗೆ ಒಂದು ದಿನ ಮುಂಚೆ ತಲುಪಿ ಎರಡು ರಾತ್ರಿ ಮಲಗಿ, ಹಗಲು ಸುತ್ತಲಿನ ಹಳ್ಳಿಗೆ ಹತ್ತಿ ಇಳಿಯಿರಿ. ಬೇಸ್ ಕ್ಯಾಂಪ್ ಮುಟ್ಟಿದ ಮಧ್ಯಾಹ್ನವೂ ಟೆಂಟಿನಲ್ಲಿ ಬಿದ್ದುಕೊಳ್ಳದೆ, 100 ಮೀಟರ್ ನಿಧಾನ ಏರಿ ವಾಪಸ್ ಬನ್ನಿ. ಬೀರು, ರಮ್ಮು, ನಿದ್ದೆ ಮಾತ್ರೆ ಯಾವುದೂ ಬೇಡ.

ಎಣ್ಣೆಹೊಳೆ
ರೈಲಾದರೆ ಮಂಗಳೂರು ಜಂಕ್ಷನ್ ಅಥವಾ ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್, ನಿಜಾಮುದ್ದೀನ್‌ನಲ್ಲಿ ಇಳಿದು ಡೆಹ್ರಾಡೂನ್. ಅಲ್ಲಿಂದ ಸಾಂಕ್ರಿ ಸುಮಾರು 200 ಕಿ.ಮೀ., ಇಡೀ ದಿನ ತಿರುವು. ಶಿರಾಡಿ, ಚಾರ್ಮಾಡಿಯಲ್ಲಿ ವಾಂತಿ ಮಾಡುವವನಾದರೆ ಮುಂದಿನ ಸೀಟು ಕೊಡಿಸಿ. ಹಣ ಪುರೋಲಾದಲ್ಲೇ ತೆಗೆದಿಟ್ಟುಕೊಳ್ಳಿ.

ಉಡುಪಿ ವೈದ್ಯೆ
ಪ್ರಯಾಣದ ವಾಂತಿ ವಿಷಯ ಬಂದದ್ದು ಒಳ್ಳೆಯದಾಯಿತು. ಇಳಿದು ಒಂದು ರಾತ್ರಿ ಮಲಗಿದ ಮೇಲೆ ಅದು ಹೋಗಬೇಕು. ಮೇಲೆ ಹೋದ ಮೇಲೆ ಬರುವ ತಲೆನೋವು, ವಾಕರಿಕೆ, ಸುಸ್ತನ್ನು “ಬಸ್ಸಿನದ್ದೇ ಇರಬೇಕು” ಅಂತ ತಳ್ಳಿಹಾಕಬೇಡಿ.

ಗೆಳೆಯರೇ, ನಿಮ್ಮ ಮುಖ್ಯ ಕೆಲಸ ಇಲ್ಲುಂಟು. “ಹುಷಾರಿದ್ದೀಯಾ?” ಅಂತ ಕೇಳಬೇಡಿ, “ಏನಿಲ್ಲ ಮಾರಾಯ” ಅಂತಲೇ ಉತ್ತರ ಬರುತ್ತದೆ. ಬಿಡಿಬಿಡಿಯಾಗಿ ಕೇಳಿ: ತಲೆ ನೋಯುತ್ತದಾ, ಎಲ್ಲಿ? ಮಧ್ಯಾಹ್ನ ಎಷ್ಟು ರೊಟ್ಟಿ ತಿಂದೆ? ಮೂತ್ರ ಎಷ್ಟು ಹೊತ್ತಿಗೆ ಹೋದೆ? ತಟ್ಟೆ ನೀವೇ ನೋಡಿ. ಸಂಜೆ ಸಪಾಟು ಜಾಗದಲ್ಲಿ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಹತ್ತು ಹೆಜ್ಜೆ ನೇರ ನಡೆಸಿ. ತೂರಾಡಿದರೆ ಮಿದುಳಿಗೆ ನೀರು ಸೇರುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ತುಟಿ ನೀಲಿ ಆದರೆ ಶ್ವಾಸಕೋಶಕ್ಕೆ. ಎರಡಕ್ಕೂ ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಗೈಡ್‌ಗೆ ಹೇಳಿ ಇಳಿಸಬೇಕು. ಬರೀ ತಲೆನೋವಾದರೆ ಅದೇ ಎತ್ತರದಲ್ಲಿ ನಿಂತು ವಿಶ್ರಾಂತಿ. ನೋವಿನ ಮಾತ್ರೆ ನುಂಗಿಸಿ ಶಿಖರಕ್ಕೆ ಹೊರಡಿಸುವುದು ಮಾತ್ರ ಬೇಡ, ರೋಗ ಬೆಳೆಯುತ್ತಿದ್ದರೂ ಗೊತ್ತಾಗುವುದಿಲ್ಲ.

ಉಳ್ಳಾಲ ಅಲೆ
ಅವನು ಇಳಿಯಬೇಕಾಗಿ ಬಂದರೆ ಗೈಡ್ ಒಬ್ಬರು ಕರೆದುಕೊಂಡು ಹೋಗುತ್ತಾರಲ್ಲ. ಇವರು ಶಿಖರ ಮುಗಿಸಿಯೇ ಬರಬಹುದು.

ಘಟ್ಟದಾರಿ
ನಿಯಮದ ಪ್ರಕಾರ ಬರಬಹುದು. ಆದರೆ ಆ ಮಾತು ಹೋಗುವ ಮೊದಲೇ ಸ್ನೇಹಿತನಿಗೆ ಗೊತ್ತಿದ್ದರೆ ಅವನು ತಲೆನೋವು ಮುಚ್ಚಿಡುತ್ತಾನೆ. ತನ್ನಿಂದ ನಿಮ್ಮ ಶಿಖರ ಹೋಗುತ್ತದೆ ಅಂತ ತಿಳಿದರೂ ಮುಚ್ಚಿಡುತ್ತಾನೆ. ಹಾಗಾಗಿ ಮಂಗಳೂರಿನಲ್ಲೇ ಎದುರು ಕೂತು ಹೇಳಿ: “ನೀನು ಇಳಿದರೆ ನಾನೂ ಇಳಿಯುತ್ತೇನೆ, ಅದಕ್ಕೆ ನನಗೆ ಬೇಸರ ಇಲ್ಲ.” ಮನಸ್ಸಿನಿಂದ ಹೇಳಲಿಕ್ಕಾಗದಿದ್ದರೆ ಬೇರೆ ಬೇರೆ ಹೋಗುವುದೇ ಒಳ್ಳೆಯದು. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು ಅಂತಲೂ ಹಿಂದಿನ ರಾತ್ರಿಯೇ ಗೈಡ್ ಜೊತೆ ನಿಶ್ಚಯ ಮಾಡಿ. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ತೊಡೆಯವರೆಗೆ ಹೂತುಹೋಗುತ್ತದೆ.

ಮಣಿಪಾಲ ಮೆಟ್ಟಿಲು
ಇದನ್ನು ಮೇಲೆ ಪಿನ್ ಮಾಡಿ.

ಕೊಟ್ಟಾರದ ಗೆಳೆಯ
ಎಲ್ಲರಿಗೂ ಥ್ಯಾಂಕ್ಸ್. ಹೆಬ್ರಿ ಅಕ್ಕ, ಶೂಗೆ ಉಗುರು ಒತ್ತಿ ನೋಡಿದೆವು. ಎಡಗಾಲಿನದ್ದು ಪುಟಿಯಿತು, ಬಲಗಾಲಿನ ಹಿಮ್ಮಡಿಯಿಂದ ಬೂದು ಪುಡಿ ಉದುರಿತು. ಹೊಸದಕ್ಕೆ ನಾಳೆ ಸಂಜೆ ಹೋಗುತ್ತೇವೆ. ಡಾಕ್ಟರ್ ಸೋಮವಾರಕ್ಕೆ. ಸಾಂಕ್ರಿಯಲ್ಲಿ ಒಂದು ರಾತ್ರಿ ಮುಂಚಿತ ರೂಮ್ ಮಾಡಿದೆ. ಘಟ್ಟದಾರಿ ಅಣ್ಣ, ನೀವು ಹೇಳಿದ ಮಾತನ್ನೂ ಅವನಿಗೆ ಹೇಳಿದೆ.

ಹೆಬ್ರಿ ಅಕ್ಕ
ಎಡಗಾಲಿನದ್ದೂ ಅದೇ ವಯಸ್ಸಿನದ್ದು, ಕುದುರೆಮುಖಕ್ಕೂ ಅದನ್ನು ಹಾಕಿಸಬೇಡಿ.

ಬಜ್ಪೆ ಬ್ಯಾಗು
ಕಾಲುಗುರು ಹೊರಡುವ ಮೂರು–ನಾಲ್ಕು ದಿನ ಮೊದಲು ನೇರಕ್ಕೆ ಕತ್ತರಿಸಲಿ, ಹಿಂದಿನ ರಾತ್ರಿ ಅಲ್ಲ. ಮೂಲೆ ಬಳಸಿ ಕತ್ತರಿಸಿದರೆ ಇಳಿಯುವಾಗ ಮಾಂಸಕ್ಕೆ ಚುಚ್ಚುತ್ತದೆ. ಇಳಿಜಾರು ಶುರುವಾಗುವ ಮೊದಲು ಕೂತು, ಹಿಮ್ಮಡಿ ಹಿಂದಕ್ಕೆ ಕುಟ್ಟಿ, ಕಣಕಾಲಿನ ಹತ್ತಿರ ದಾರ ಹೊಸದಾಗಿ ಬಿಗಿಯಲಿ.